ಅಕ್ಕಿ ಪೆಟ್ಟಿಗೆಯ ವಾಕ್ಯ

ಕನಜಾವ
14 ನವೆಂಬರ್ 1974

ಪ್ರೀತಿಯ ತಂಗಿ ತ್ಸುಯಾಗೆ, ಅಕ್ಕ ಮಿನೆಕೊ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಕಾಕಿ ಹಣ್ಣಿನ ಬುಟ್ಟಿ ತಲುಪಿ ಹದಿನೈದು ದಿನವಾಯಿತು. ತಲುಪಿತು ಅಂತ ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ಒಂದೂ ಕೊಳೆತಿರಲಿಲ್ಲ. ನಿನ್ನ ಭಾವನ ಫೋಟೋ ಮುಂದೆ ನಾಲ್ಕಿಟ್ಟು ಉಳಿದದ್ದನ್ನು ಸುಲಿದು ಒಣಗಲು ಸೂರಿಗೆ ನೇತುಹಾಕಿದ್ದೇನೆ.

ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಮಂಡಿನೋವು ಇದ್ದದ್ದೇ, ಅದನ್ನು ಹೇಳುತ್ತಿಲ್ಲ. ಹೋದ ವಾರದಿಂದ ಒಂದು ಕಡೆ ಕೂತಿದ್ದೇ ಇಲ್ಲ. ಅನ್ನಕ್ಕಿಟ್ಟು ಅಂಗಳಕ್ಕೆ ಹೋಗುತ್ತೇನೆ, ಯಾಕೆ ಬಂದೆ ಅಂತ ಗೊತ್ತಾಗದೆ ಒಳಗೆ ಬರುತ್ತೇನೆ, ಅಷ್ಟರಲ್ಲಿ ಅನ್ನ ಸೀದಿರುತ್ತದೆ. ಮೂಲಂಗಿ ಉಪ್ಪಿಗೆ ಹಾಕುವಾಗ ಎರಡು ಸಲ ಉಪ್ಪು ಹಾಕಿದ್ದೇನೆ. ಈ ಕಾಗದವನ್ನೇ ಮೂರು ಸಲ ಶುರುಮಾಡಿ ಹರಿದೆ.

ಕಾರಣ ನಿನ್ನ ಭಾವನ ಇಂಗ್ಲಿಷ್-ಜಪಾನಿ ನಿಘಂಟು. ಬರುವ ವಸಂತಕ್ಕೆ ಅದು ಹೊರಗೆ ಬರುತ್ತದಂತೆ. ಟೋಕಿಯೋದ ಪ್ರಕಾಶಕರ ಕಚೇರಿಯಿಂದ ನೊಮಿ ಎಂಬ ಹುಡುಗಿ ಕಂತುಕಂತಾಗಿ ಪ್ರೂಫ್ ಕಳಿಸುತ್ತಾಳೆ. ಅರ್ಥಕ್ಕೊಂದರಂತೆ ಅವರು ಮಾಡಿಟ್ಟ ಅರವತ್ತು ಸಾವಿರ ಕಾರ್ಡುಗಳಲ್ಲಿ ಹೆಚ್ಚಿನವನ್ನು ನಕಲು ಮಾಡಿದವಳು ನಾನು. ಆದ್ದರಿಂದ ಅವರ ಬದಲು ನಾನೇ ನೋಡಿ ಕೊಡಬೇಕು. ಮೊದಲ ಕಂತುಗಳನ್ನು ಓದುವಾಗ ನಗು ತಡೆಯಲಾಗಲಿಲ್ಲ. ಅವರ ಸ್ವಭಾವ ನಿನಗೆ ಗೊತ್ತಲ್ಲ, ಮನೆಯಲ್ಲಿ ಯಾರಾದರೂ ಸೀನಿದರೂ ಅದು ಉದಾಹರಣೆ ವಾಕ್ಯವಾಗಿ ಕಾರ್ಡಿಗೆ ಹೋಗುತ್ತಿತ್ತು. ನಿನ್ನ ಗಂಡ ಮದುವೆಯ ದಿನ ಶೂ ಅದಲುಬದಲು ಹಾಕಿಕೊಂಡದ್ದು ನಿಘಂಟಿನಲ್ಲಿದೆ. ನಮ್ಮ ಮಾವ ಹಲ್ಲಿನ ಸೆಟ್ಟನ್ನು ಸ್ನಾನದ ತೊಟ್ಟಿಯಲ್ಲಿ ಕಳಕೊಂಡದ್ದೂ ಇದೆ.

ಹೋದ ಬುಧವಾರ ಬಂದ ಕಂತಿನಲ್ಲಿ 'ಹೈಡ್' ಎಂಬ ಶಬ್ದವಿತ್ತು. ಇಂಗ್ಲಿಷಿನವರಿಗೆ ಈ ಒಂದೇ ಮಾತು ಸಾಕು. ಬೆಕ್ಕು ಅವಿತುಕೊಂಡರೂ ಅದೇ, ಮುದುಕಿ ಒಡವೆ ಬಚ್ಚಿಟ್ಟರೂ ಅದೇ, ಗಂಡಸು ದುಃಖ ನುಂಗಿಕೊಂಡರೂ ಅದೇ. ನಿನ್ನ ಭಾವ ಒಂದೊಂದು ಅರ್ಥವನ್ನೂ ಬೇರೆ ಮಾಡಿ, ಒಂದೊಂದಕ್ಕೂ ನಮ್ಮ ಬೇರೆ ಮಾತು ಕೊಟ್ಟು, ಕೆಳಗೆ ವಾಕ್ಯ ಹಾಕಿದ್ದಾರೆ. ಮೊದಲ ವಾಕ್ಯದಲ್ಲಿ ಜಗಲಿಯಡಿ ಅವಿತದ್ದು ನಮ್ಮ ಬೆಕ್ಕೇ. ನಗುತ್ತಾ ಎರಡನೆಯ ಅರ್ಥಕ್ಕೆ ಬಂದೆ. ಅಲ್ಲಿ ಹೀಗಿತ್ತು: "ಅವಳು ಆ ಪತ್ರವನ್ನು ಅಕ್ಕಿ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಳು."

ತ್ಸುಯಾ, ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಆ ಪತ್ರವನ್ನು ಬಚ್ಚಿಟ್ಟವಳು ನಾನು.

1953ರ ಏಪ್ರಿಲ್. ಅವರು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಚಳಿಗಾಲದಿಂದ ಕಾಯುತ್ತಿದ್ದರು. ಅವರು ಶಾಲೆಗೆ ಹೋಗಿದ್ದಾಗ ಲಕೋಟೆ ಬಂತು. ನನಗೆ ಆಗ ಇಂಗ್ಲಿಷಿನ ಅಕ್ಷರ ಮಾತ್ರ ಗೊತ್ತು. ಅವರದೇ ಹಳೇ ನಿಘಂಟು ತೆಗೆದು, ಒಂದೊಂದೇ ಶಬ್ದ ಹುಡುಕಿ, ಮೂರು ದಿನ ಓದಿದೆ. 'ಸಂತೋಷ' ಅಂತ ಇತ್ತು. 'ಎರಡು ವರ್ಷ' ಅಂತ ಇತ್ತು. 'ಜೂನ್ ಮೂವತ್ತರೊಳಗೆ ಒಪ್ಪಿಗೆ ತಿಳಿಸಿ' ಅಂತ ಇತ್ತು. ಯುದ್ಧಕ್ಕೆ ಹೋದವರನ್ನು ನಾಲ್ಕು ವರ್ಷ ಕಾದಿದ್ದೆ, ತ್ಸುಯಾ. ಬದುಕಿದ್ದಾರೋ ಇಲ್ಲವೋ ತಿಳಿಯದೆ ಕಾದಿದ್ದೆ. ಇನ್ನೆರಡು ವರ್ಷ ಕಾಯುವುದು ನನ್ನಿಂದಾಗುತ್ತಿರಲಿಲ್ಲ. ಕಾಗದವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಕ್ಕಿಯಡಿ ಹುಗಿದೆ.

ಅವರು ದಿನಾ ಬಾಗಿಲಲ್ಲಿ ನಿಂತು ಅಂಚೆಯವನನ್ನು ಕೇಳುತ್ತಿದ್ದರು. "ಏನಪ್ಪಾ, ನಂದೇನಾದ್ರೂ ಇದೆಯಾ?" "ಇಲ್ಲ ಮೇಷ್ಟ್ರೇ." ಮೇ ತಿಂಗಳಲ್ಲಿ ನನಗೆ ಜ್ವರ ಹಿಡಿದು ನೀನು ಹತ್ತು ದಿನ ಬಂದು ಅಡುಗೆ ಮಾಡಿ ಹಾಕಿದೆಯಲ್ಲ, ಆಗಲೂ ಆ ಮಾತು ನನಗೆ ಹಾಸಿಗೆಗೆ ಕೇಳಿಸುತ್ತಿತ್ತು. ಜುಲೈಯಲ್ಲಿ ಒಂದು ದಿನ ಊಟಕ್ಕೆ ಕೂತವರು, "ಬರ್ಲಿಲ್ಲ ಬಿಡು. ಅವ್ರಿಗೆ ನಾನು ಹಿಡಿಸಲಿಲ್ಲ ಅಂತ ಕಾಣತ್ತೆ" ಅಂದರು. ಆ ಸಂಜೆಯೇ ನಾನು ಅವರ ಕೋಣೆಗೆ ಹೋಗಿ ಕಾರ್ಡು ನಕಲು ಮಾಡುತ್ತೇನೆ ಎಂದು ಕೂತದ್ದು. ಕಾಗದವನ್ನು ಆಗಸ್ಟಿನಲ್ಲಿ ಒಲೆಗೆ ಹಾಕಿದೆ. ಅವರು ಸಾಯುವ ತನಕ ಇಂಗ್ಲೆಂಡು ನೋಡಲಿಲ್ಲ. ಒಮ್ಮೆ ಅಮೆರಿಕದ ಪ್ರವಾಸಿಯೊಬ್ಬ ರೈಲು ನಿಲ್ದಾಣದಲ್ಲಿ ದಾರಿ ಕೇಳಿದಾಗ ಅವನ ಮಾತು ಹಿಡಿತಕ್ಕೆ ಸಿಗದೆ ಕಿವಿ ಕೆಂಪಗೆ ಮಾಡಿಕೊಂಡು ಮನೆಗೆ ಬಂದರು. ನಾನು ಚಹಾ ಬಗ್ಗಿಸಿದೆ. ಇಂಥ ಮನುಷ್ಯನಿಗೆ ಎಷ್ಟು ನಕಲು ಮಾಡಿಕೊಟ್ಟರೂ ತೀರುವುದಿಲ್ಲ ಅನ್ನಿಸುತ್ತಿತ್ತು. ಒಂದು ದಿನವೂ ಬೇಸರ ಅನ್ನಲಿಲ್ಲ, ಎದುರು ಮಾತಾಡಲಿಲ್ಲ. ಜನ ನನ್ನನ್ನು ಒಳ್ಳೆಯ ಹೆಂಡತಿ ಅಂದರು. ನಾನು ಶಿಕ್ಷೆ ಅನುಭವಿಸುತ್ತಿದ್ದೆ, ಅಷ್ಟೇ.

ಈಗ ನೋಡಿದರೆ ಅವರಿಗೆ ಗೊತ್ತಿತ್ತು.

ಗುರುವಾರ ನೊಮಿ ಫೋನ್ ಮಾಡಿದಳು. "ಅಮ್ಮಾ, ಆ ಅಕ್ಕಿ ಪೆಟ್ಟಿಗೆ ವಾಕ್ಯ ಸ್ವಲ್ಪ ವಿಚಿತ್ರ ಅನ್ಸತ್ತೆ. ಕಾಗದ ತಗೊಂಡು ಹೋಗಿ ಅಕ್ಕೀಲಿ ಯಾರು ಇಡ್ತಾರೆ? ಮೇಜಿನ ಡ್ರಾಯರ್ ಅಂತ ಮಾಡ್ಲಾ?"

"ಅದರ ಮೂಲ ಕಾರ್ಡು ಕಳಿಸಮ್ಮ, ನೋಡಿ ಹೇಳ್ತೀನಿ" ಅಂದೆ. ಅದು ಹಳೆಯ ಕಟ್ಟಿನದು, ನಾನು ನಕಲು ಶುರುಮಾಡುವ ಮೊದಲಿನದು. ಆ ಕಟ್ಟನ್ನು ನಾನು ಬಿಚ್ಚಿಯೇ ಇರಲಿಲ್ಲ. ಕಾರ್ಡು ಬರುವವರೆಗಿನ ನಾಲ್ಕು ದಿನ ನಾನು ಮನುಷ್ಯಳಾಗಿರಲಿಲ್ಲ. ಅವರಿಗೆ ಗೊತ್ತಾದದ್ದು ಯಾವಾಗ? ಜೂನ್ ಮೂವತ್ತರ ಮೊದಲೋ, ಆಮೇಲೋ? ಆಮೇಲಾದರೆ ಹೋಗುವ ದಾರಿ ನಾನೇ ಮುಚ್ಚಿದ ಹಾಗೆ. ಮೊದಲಾದರೆ ಇಲ್ಲೇ ಉಳಿಯಲು ಮನಸ್ಸು ಮಾಡಿದ್ದು ಅವರೇ. ಅಂಚೆಯವನ ಸೈಕಲ್ ಬೆಲ್ಲಿಗೆ ಈಗ ಬಾಗಿಲಿಗೆ ಓಡುವವಳು ನಾನಾದೆ.

ಪ್ರತಿ ಕಾರ್ಡಿನ ಮೂಲೆಯಲ್ಲೂ ತಾರೀಖು ಹಾಕಿಸುವುದು ಅವರ ಪದ್ಧತಿ. ಸೋಮವಾರ ಕಾರ್ಡು ಬಂತು. ಮೂಲೆಯಲ್ಲಿ 19 ಮೇ 1953 ಎಂದಿದೆ. ಇನ್ನೂ ಆರು ವಾರ ಕಾಲವಿತ್ತು. ಎಲ್ಲ ಗೊತ್ತಿದ್ದೂ, ನನಗೆ ಕೇಳಿಸಲಿ ಅಂತ, ಇನ್ನೂ ಅಷ್ಟು ದಿನ ಅಂಚೆಯವನನ್ನು ಕೇಳಿದರು.

ಅಡುಗೆಮನೆಯ ನೆಲದಲ್ಲಿ ಕೂತು ಅತ್ತೆ. ಮೊದಲು ಸಮಾಧಾನದಿಂದ ಅತ್ತೆ. ಆಮೇಲೆ ಸಿಟ್ಟು ಬಂತು. ಕ್ಷಮಿಸಿದ್ದರೆ ಹೇಳಬಾರದಿತ್ತೇ? ನಾನು ಇಪ್ಪತ್ತು ವರ್ಷ ತಲೆ ತಗ್ಗಿಸಿ ಓಡಾಡುವುದನ್ನು ನೋಡಿಕೊಂಡು ಆ ಮನುಷ್ಯ ಹೇಗೆ ಸುಮ್ಮನಿದ್ದರು? ಅದೇ ಪುಟದಲ್ಲಿ ಮೂರನೆಯ ಅರ್ಥಕ್ಕೆ, "ಅವನು ತನ್ನ ನಿರಾಸೆಯನ್ನು ಪತ್ರಿಕೆಯ ಹಿಂದೆ ಮುಚ್ಚಿಟ್ಟುಕೊಂಡ" ಎಂಬ ವಾಕ್ಯವಿದೆ. ಆ ಕಾರ್ಡನ್ನೂ ಕಳಿಸು ಅನ್ನಲು ಧೈರ್ಯ ಸಾಲಲಿಲ್ಲ.

ಇವತ್ತು ಬೆಳಿಗ್ಗೆ ನೊಮಿಗೆ ಫೋನ್ ಮಾಡಿ, "ಡ್ರಾಯರ್ ಬೇಡ. ಅಕ್ಕಿ ಪೆಟ್ಟಿಗೇನೇ ಇರ್ಲಿ" ಅಂದೆ.

"ಓದೋರು ನಗ್ತಾರೆ ಅಮ್ಮಾ."

"ನಗ್ಲಿ ಬಿಡು. ಇಡೋರು ಅಲ್ಲೂ ಇಡ್ತಾರೆ."

ಪ್ರೂಫನ್ನು ಹಾಗೆಯೇ ಅಂಚೆಗೆ ಹಾಕಿ ಬಂದು ಈ ಕಾಗದಕ್ಕೆ ಕೂತಿದ್ದೇನೆ.

ಡಿಸೆಂಬರ್ ಏಳಕ್ಕೆ ನಿನ್ನ ಭಾವನ ವರ್ಷದ ತಿಥಿ. ನೀನು ಹಿಂದಿನ ದಿನವೇ ಬಾ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು, ಮಕ್ಕಳು ಚೆನ್ನಾಗಿರಲಿ. ನಿಮ್ಮ ತೊಯಾಮಾದಲ್ಲಿ ಆಗಲೇ ಹಿಮ ಬಿತ್ತಂತೆ, ಎದೆಗೆ ಬೆಚ್ಚಗೆ ಸುತ್ತಿಕೋ. ನೂರು ಕಾಲ ಸುಖವಾಗಿರು.

ನಿನ್ನ ಅಕ್ಕ,
ಮಿನೆಕೊ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಾರ್ಡಿನ ಅಕ್ಷರ ಅವರದಲ್ಲ. ಅವರ ಕೋಳಿಕಾಲಿನ ಅಕ್ಷರ ಎಲ್ಲಿದ್ದರೂ ಗುರುತಾಗುತ್ತದೆ. ಇದು ದುಂಡಗಿದೆ, ಸಾಲಿನ ಕೊನೆಗೆ ಬಾಲ ಎಳೆದಿದೆ. ನಿನಗೆ ಬರೆಯಲು ಕಲಿಸಿದವಳು ನಾನು ತ್ಸುಯಾ, ಆ ಬಾಲ ಬಿಡು ಅಂತ ಎಷ್ಟು ಸಲ ಕೈಗೆ ಹೊಡೆದಿದ್ದೇನೆ. ಜನ್ಮದಲ್ಲಿ ಅಕ್ಕಿ ಪೆಟ್ಟಿಗೆಗೆ ಕೈ ಹಾಕದ ಮನುಷ್ಯನಿಗೆ ಆ ಕಾಗದ ಹೇಗೆ ಸಿಕ್ಕಿತು ಅಂತ ಎಷ್ಟು ದಿನ ತಲೆ ಕೆಡಿಸಿಕೊಂಡೆ. ಆ ಹತ್ತು ದಿನ ಅಕ್ಕಿ ಅಳೆದವಳು ನೀನು, ಅವರು ಹೇಳಿದ ವಾಕ್ಯವನ್ನು ಕಾರ್ಡಿಗೆ ಬರೆದವಳೂ ನೀನು. ಅವರ ಕೈಗೆ ಕೊಟ್ಟವಳೂ ನೀನು, ಆಮೇಲೆ ಇದ್ದ ಜಾಗದಲ್ಲೇ ವಾಪಸು ಇಟ್ಟವಳೂ ನೀನು. ಇಲ್ಲಿಗೆ ಬಂದಾಗಲೆಲ್ಲ ನಾನು ನಕಲಿಗೆ ಕೂತದ್ದು ನೋಡಿ, "ಅಕ್ಕಾ, ಭಾವಂಗೆ ನೀನು ಎಷ್ಟೊಂದು ಮಾಡ್ತೀಯಾ" ಅನ್ನುತ್ತಿದ್ದೆಯಲ್ಲ. ಅವರನ್ನು ಈಗ ಕೇಳುವ ಹಾಗಿಲ್ಲ. ಓದಿದ ಮೇಲೆ ಅವರು ನಿನಗೆ ಏನೋ ಹೇಳಿರಲೇಬೇಕು, ಹೇಳದೆ ಆ ಕಾಗದವನ್ನು ನಿನ್ನ ಕೈಗೆ ವಾಪಸು ಕೊಟ್ಟಿರಲಾರರು. ಆರನೇ ತಾರೀಖು ಬರುವಾಗ ಹಣ್ಣು ತರಬೇಡ. ಆ ಮಾತನ್ನು ತೆಗೆದುಕೊಂಡು ಬಾ.