ಮುಗಿಯದ ವಿಲೀನವನ್ನು ಮುಗಿಯಿತೆಂದು ಬರೆದುಕೊಂಡವರಿಗೆ

ಗಣಕಯಂತ್ರದಲ್ಲಿ ಕಡತಗಳ ಆವೃತ್ತಿಗಳನ್ನು ಕಾಯುವ ಸಲಕರಣೆಯ ಆಜ್ಞೆಗಳನ್ನು ನಿರ್ಣಯಿಸುವ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ದಿವಂಗತ ಅಕ್ಕನ ನಲವತ್ತೊಂದು ತಿದ್ದುಪಡಿಗಳನ್ನೂ ನಾನು ಪರಿಶೀಲಿಸಿ, ಗ್ರಂಥದೊಳಗೆ ವಿಲೀನಗೊಳಿಸಿ, ಮುಗಿಸಿದ್ದೇನೆಂದು ನಿಮ್ಮ ಸಲಕರಣೆ ದಾಖಲಿಸಿಕೊಂಡಿದೆ. ಅದು ಸುಳ್ಳು. ಮೂವತ್ತನಾಲ್ಕನ್ನು ನಾನು ಇನ್ನೂ ತೂಗಿ ನೋಡಿರಲಿಲ್ಲ. ಅವುಗಳಲ್ಲಿ ಒಂದೂ ಗ್ರಂಥದಲ್ಲಿಲ್ಲ. ಈ ಸುಳ್ಳಿನ ಕೆಳಗೆ ನನ್ನ ಹೆಸರಿದೆ. ಅದನ್ನು ಬರೆಸಿದವರು ತಾವು.

ಒಂದು ಪ್ರಾಚೀನ ಭಕ್ತಿಕಾವ್ಯವನ್ನು ಶುದ್ಧಪಡಿಸುವ ಕಾರ್ಯದಲ್ಲಿ ನಾವಿಬ್ಬರೂ ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಎರಡು ಬದಿಗೆ ಕುಳಿತವರು. ನಮ್ಮಲ್ಲೊಂದು ನಿಯಮವಿತ್ತು. ಒಂದು ಪದ್ಯದ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಇಬ್ಬರ ಪಾಠಗಳನ್ನೂ ಗಟ್ಟಿಯಾಗಿ ಓದಬೇಕು. ಸೋತವರು ಬಾಯಿಬಿಟ್ಟು ‘ಒಪ್ಪಿದೆ’ ಎನ್ನಬೇಕು. ಆ ಮಾತು ಬರುವವರೆಗೆ ಹಾಳೆ ಮಗುಚುವಂತಿಲ್ಲ. ಒಮ್ಮೆ ಒಂದೇ ಪದ್ಯದ ಮುಂದೆ ಹನ್ನೊಂದು ದಿನ ಕುಳಿತಿದ್ದೆವು. “ಅಕ್ಕಾ, ಊಟ ಆರ್ತಿದೆ, ಒಪ್ಪಿಬಿಡೇ” ಎಂದರೆ, “ಊಟ ಬಿಸಿ ಮಾಡ್ಕೋಬಹುದು ಕಣೋ. ತಪ್ಪು ಅಚ್ಚಾಗಿ ಹೋದ್ರೆ ಏನ್ ಬಿಸಿ ಮಾಡ್ತೀಯ?” ಎನ್ನುವಳು. ಒಪ್ಪದಿದ್ದಾಗ ಉಂಗುರದ ಬೆರಳಿನಿಂದ ಮೇಜಿಗೆ ಟಕ್ಕೆಂದು ಬಡಿಯುವಳು. ಕೊನೆಯ ವರ್ಷ ಹಾಸಿಗೆ ಹಿಡಿದ ಮೇಲೆ ಮಂಚದ ಕಬ್ಬಿಣದ ಸರಳಿಗೆ ಬಡಿಯತೊಡಗಿದಳು; ಹೊರಕೋಣೆಯಲ್ಲಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆಗಲೇ ಅವಳ ಮಗಳು, ನನ್ನ ಸೋದರಸೊಸೆ, ನಿಮ್ಮ ಸಲಕರಣೆಯನ್ನು ನಮ್ಮ ಮನೆಗೆ ತಂದದ್ದು. ಅಕ್ಕ ಒಳಗೆ ತನ್ನ ಪ್ರತಿಯನ್ನು ತಿದ್ದುವಳು, ನಾನು ಹೊರಗೆ ನನ್ನದನ್ನು. ಕಡೆಗೊಂದು ದಿನ ‘ಮರ್ಜ್’ ಎಂಬ ಆಜ್ಞೆ ಕೊಟ್ಟರೆ ಎರಡೂ ಒಂದಾಗುವುವು. ಹೊಂದದಿರುವ ಸ್ಥಳಗಳನ್ನು ಸಲಕರಣೆಯೇ ತೋರಿಸುವುದು. ಆ ದಿನಕ್ಕೆ ಅವಳು ಉಳಿಯಲಿಲ್ಲ.

ಅವಳು ತೀರಿಕೊಂಡ ಮೂರನೆಯ ವಾರ, ಬೆಳಗಿನ ಪ್ರಾರ್ಥನೆ ಮುಗಿಸಿ, ನಾನೊಬ್ಬನೇ ಆ ಆಜ್ಞೆ ಕೊಟ್ಟೆ. ನಲವತ್ತೊಂದು ಕಡೆ ಜಗಳ. ಸೊಸೆ ಹೇಳಿಕೊಟ್ಟಿದ್ದಂತೆ, ಪುಟ ಓದಲು ಬರುವಂತಾಗಲೆಂದು ಮೊದಲು ಎಲ್ಲ ಕಡೆಯೂ ನನ್ನ ಪಾಠವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿ, ಅನಂತರ ಅಕ್ಕನದನ್ನು ಒಂದೊಂದಾಗಿ ಓದಿ ತೂಗತೊಡಗಿದೆ. ಏಳು ಮುಗಿದವು. ಎಂಟನೆಯದನ್ನು ಗಟ್ಟಿಯಾಗಿ ಓದಿ, ಅಭ್ಯಾಸಬಲದಿಂದ, ಒಳಕೋಣೆಯ ಕಡೆ ಕಿವಿಗೊಟ್ಟು ಕುಳಿತುಬಿಟ್ಟೆ. ಸದ್ದಿಲ್ಲ. ಎದ್ದುಹೋದವನು ಒಂದೂವರೆ ತಿಂಗಳು ಆ ಮೇಜಿನ ಬಳಿ ಸುಳಿಯಲಿಲ್ಲ.

ಮರಳಿ ಬಂದದ್ದು ಮುನ್ನುಡಿಯ ಒಂದು ಅಕ್ಷರವನ್ನು ತಿದ್ದಲು. ತಿದ್ದಿದೆ. ತಿದ್ದಿದ್ದನ್ನು ದಾಖಲಿಸುವ ದಿನನಿತ್ಯದ ‘ಕಮಿಟ್’ ಆಜ್ಞೆ ಕೊಟ್ಟು, “ಮುನ್ನುಡಿಯಲ್ಲಿ ಒಂದಕ್ಷರ ತಿದ್ದಿದೆ” ಎಂದು ಷರಾ ಬರೆದೆ. ನಿಮ್ಮ ಸಲಕರಣೆ ಚಕಾರವೆತ್ತಲಿಲ್ಲ. ಅರ್ಧಕ್ಕೆ ನಿಂತಿದ್ದ ವಿಲೀನವನ್ನೂ ಆ ಒಂದಕ್ಷರದ ಜೊತೆ ಸುತ್ತಿ, ಮುಗಿಯಿತೆಂದು ಮುಚ್ಚಿಬಿಟ್ಟಿತು. ಮುಗಿದಿದೆಯೆಂದು ನಂಬಿ ಸೊಸೆ ಅದನ್ನು ಅಚ್ಚಿನಮನೆಗೆ ಕಳುಹಿಸಿದಳು. ಅಲ್ಲಿಂದ ಕರಡು ಬಂದಾಗ ಮುಖಪುಟದಲ್ಲಿ ಅಕ್ಕನ ಹೆಸರಿತ್ತು, ಒಳಗೆ ಅಕ್ಕನಿರಲಿಲ್ಲ.

“ಮಾಮ, ನೀವೇ ಮುಗ್ಸಿದೀರಲ್ಲ” ಎಂದಳು ಸೊಸೆ, ಪರದೆ ನೋಡಿ.

“ನಾನು ಮುಗಿಸಿಲ್ಲ ಕಣಮ್ಮಾ. ಅಕ್ಷರ ತಿದ್ದಿದೆ ಅಷ್ಟೆ.”

“ಅದಕ್ಕೆ ಎರಡೂ ಒಂದೇ ಮಾಮ. ಮರ್ಜ್ ತೆರೆದಿರುವಾಗ ಕಮಿಟ್ ಅಂದ್ರೆ, ಮರ್ಜ್ ಮುಗೀತು ಅಂತಾನೇ ಲೆಕ್ಕ.”

“ಹಾಗಾದ್ರೆ ಇನ್ನೊಂದ್ಸಲ ಸೇರಿಸು.”

ಅವಳು ಆಜ್ಞೆ ಕೊಟ್ಟಳು. ‘ಎಲ್ಲವೂ ಈಗಾಗಲೇ ಸೇರಿದೆ’ ಎಂದಿತು ಪರದೆ. ಅವಳು ಹೋದ ಮೇಲೆ ನಾನೂ ಕೊಟ್ಟು ನೋಡಿದೆ. ಮರುದಿನ ಬೆಳಿಗ್ಗೆ ಮತ್ತೆ. ವಾರವಿಡೀ ಅದೇ ಉತ್ತರ. ಸತ್ತವರ ಮಾತನ್ನು ಕೇಳದೆಯೇ ಕೇಳಿಯಾಯಿತೆನ್ನುವ ಆ ಸಮಾಧಾನವಿದೆಯಲ್ಲ, ಅದು ನನ್ನನ್ನು ಪ್ರಾರ್ಥನೆಯ ನಡುವೆಯೂ ಬಿಡುತ್ತಿಲ್ಲ.

ತಮ್ಮ ಕಚೇರಿಗೆ ಬರೆದೆ. “ಇದು ದೋಷವಲ್ಲ, ಉದ್ದೇಶಿತ ವರ್ತನೆ. ಬಳಕೆದಾರರು ಸ್ಥಿತಿಯನ್ನು ವಿಚಾರಿಸಿದ್ದರೆ ವಿಲೀನ ತೆರೆದಿರುವುದು ತಿಳಿಯುತ್ತಿತ್ತು” ಎಂದು ಉತ್ತರ ಬಂತು. ಎಂಥ ಔದಾರ್ಯ! ಬಾವಿಯ ಆಳವೆಷ್ಟೆಂದು ಕೇಳಿದ್ದರೆ ಹೇಳುತ್ತಿದ್ದಿರಿ. ಕೇಳದೆ ಬಿದ್ದದ್ದು ನಮ್ಮ ಅಪರಾಧ. ಮುಗಿಸಲೆಂದೇ ಪ್ರತ್ಯೇಕ ಆಜ್ಞೆಯನ್ನಿತ್ತರೆ ಕಲಿಯುವವರಿಗೆ ಹೊರೆಯೆಂದೂ ಬರೆದಿದ್ದೀರಿ. ಆದರೆ ಅರ್ಧಕ್ಕೆ ನಿಲ್ಲುವ ಬೇರೆ ಕಾರ್ಯಗಳಿಗೆಲ್ಲ ‘ಮುಂದುವರಿಸು’ ಎಂಬ ಸ್ವತಂತ್ರ ಆಜ್ಞೆಯನ್ನು ನೀವೇ ದಯಪಾಲಿಸಿದ್ದೀರಂತೆ. ಆ ಹೊರೆ ಹೊರಬಲ್ಲ ಜನರ ಬೆನ್ನು ಇದೊಂದಕ್ಕೆ ಮುರಿದೀತೆ? ಇಬ್ಬರ ದುಡಿಮೆಯನ್ನು ಒಂದು ಮಾಡುವ ಗಳಿಗೆಯನ್ನೂ ಒಂದಕ್ಷರ ತಿದ್ದುವ ಗಳಿಗೆಯನ್ನೂ ಒಂದೇ ಮಾತಿನಿಂದ ಮುಗಿಸಬಹುದೆಂದು ತಾವು ಯಾವ ಮೇಜಿನ ಮುಂದೆ ಕುಳಿತು ತೀರ್ಮಾನಿಸಿದಿರಿ? ಆ ಮೇಜಿನ ಎದುರುಬದಿಯಲ್ಲಿ ಯಾರಾದರೂ ಕುಳಿತಿದ್ದರೇ?

ಅಕ್ಕನ ಪ್ರತಿ ಅಳಿದಿಲ್ಲ. ಸೊಸೆ ಅದನ್ನು ತೆರೆದುಕೊಟ್ಟಿದ್ದಾಳೆ. ಅಚ್ಚನ್ನು ತಡೆಹಿಡಿದು, ಪ್ರತಿದಿನ ಒಂದರಂತೆ ಕೈಯಾರೆ ಕೂಡಿಸುತ್ತಿದ್ದೇನೆ. ಮೊನ್ನೆ ಕೊನೆಯ ಪದ್ಯವನ್ನು ಇಣುಕಿ ನೋಡಿದೆ. ಅದರ ಬದಿಯಲ್ಲಿ ಅವಳು ಬರೆದಿಟ್ಟಿದ್ದಳು: “ಇಲ್ಲಿ ನೀನೇ ಸರಿ ಕಣೋ. ಒಪ್ಪಿದೆ. ಬೀಗಬೇಡ, ಉಳಿದ ನಲವತ್ತಕ್ಕೂ ನಾನು ಬಿಡೋಳಲ್ಲ, ಕೂತ್ಕೋ.” ಇಪ್ಪತ್ತೆರಡು ವರ್ಷಗಳಲ್ಲಿ ಅವಳು ನಾನು ಕೇಳದೆಯೇ ಸೋತದ್ದು ಅದೊಂದೇ ಸಲ. ನಿಮ್ಮ ಸಲಕರಣೆ ಅದನ್ನೂ ಮುಚ್ಚಿತ್ತು.

ಆದ್ದರಿಂದ ನನ್ನ ಬೇಡಿಕೆ. ವಿಲೀನವನ್ನು ಮುಗಿಸಲೆಂದೇ ಒಂದು ಆಜ್ಞೆಯಿರಲಿ. ಯಾವ ವಿಲೀನವೂ ತೆರೆದಿಲ್ಲದಾಗ ಅದು ಕೆಲಸ ಮಾಡಲು ನಿರಾಕರಿಸಲಿ. ತೆರೆದಿರುವಾಗ ಸಾಮಾನ್ಯ ಕಮಿಟ್ ಆಜ್ಞೆ ಬಂದರೆ, “ತಡೆಯಿರಿ, ಇಲ್ಲಿ ಇನ್ನೊಬ್ಬರ ಮಾತು ಬಾಕಿಯಿದೆ” ಎಂದು ಸಲಕರಣೆ ಹೇಳಲಿ. ಒಂದು ಟಕ್ ಸದ್ದಿನಷ್ಟು ಸಾಕು. ಮೇಜಿನ ಬಳಿ ನಾನು ಇಂದಿಗೂ ಅದಕ್ಕೇ ಕಿವಿಗೊಟ್ಟು ಕುಳಿತಿದ್ದೇನೆ.

ಇಂತಿ,
ಇನ್ನೂ ಇಪ್ಪತ್ತಾರು ಪದ್ಯಗಳಿಗೆ ‘ಒಪ್ಪಿದೆ’ ಎನ್ನಬೇಕಾದ,
ಸೋಲಿಸಲು ಎದುರಿಗೆ ಯಾರೂ ಇಲ್ಲದ ತಮ್ಮ