ಸುಖಪ್ರಯಾಣದ ಪ್ರಾರ್ಥನೆ

ಕೋಲ್ಡ್ ಫೋರ್ಕ್, ಮಿಸ್ಸೂರಿ
ನವೆಂಬರ್ ೧೪, ಗುರುವಾರ

ಪ್ರೀತಿಯ ಮಗಳು ರೋಂಡಾಳಿಗೆ,

ಹೇಗಿದ್ದೀಯಮ್ಮಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಚಿಂತೆ ಹತ್ತಿತೆಂದರೆ ಬರೀ ಕಾಫಿಯಲ್ಲಿ ದಿನ ನೂಕುವವಳು ನೀನು. ಗ್ಲೆಂಡಾ ಚಿಕ್ಕಮ್ಮನ ಅಡುಗೆ ಸಪ್ಪೆ, ನನ್ನ ಸ್ವಂತ ತಂಗಿಯಾದರೂ ಹೇಳುತ್ತೇನೆ, ಆದರೂ ಎರಡು ತುತ್ತು ಹೆಚ್ಚೇ ತಿನ್ನು. ಅವಳ ಬೆಕ್ಕುಗಳನ್ನು ಹಾಸಿಗೆಗೆ ಹತ್ತಿಸಬೇಡ, ನಿನಗೆ ಸೀನು ಶುರುವಾಗುತ್ತದೆ. ನಾವಿಬ್ಬರೂ ಕ್ಷೇಮ. ಅಪ್ಪ ನನ್ನೆದುರಿಗೇ ಕುಳಿತು ವಾಲ್ನಟ್ ಒಡೆಯುತ್ತಿದ್ದಾರೆ. ಅರ್ಧ ಬಟ್ಟಲಿಗೆ, ಅರ್ಧ ಬಾಯಿಗೆ. ಆ ಬೆದರಿಕೆಯ ಕರೆಗಳಿಗೆ ರೋಸಿ ನೀನು ಫೋನ್ ಆಫ್ ಮಾಡಿಟ್ಟದ್ದು ಒಳ್ಳೆಯದೇ ಆಯಿತು. ಗ್ಲೆಂಡಾಳೂ ತನ್ನ ಮನೆಯ ಫೋನಿನ ತಂತಿ ಕಿತ್ತಿಟ್ಟಳಂತೆ. ನಿನ್ನ ಅಣ್ಣ ಲೈಲ್ ತನ್ನ ಲಾರಿಯಲ್ಲಿ ನೀವಿರುವ ಅರ್ಕನ್ಸಾಗೆ ಹೋಗಿಬರುತ್ತಾನಲ್ಲ, ಈಗ ಅವನೇ ನಮ್ಮ ಅಂಚೆ. ನಾಳೆ ಬೆಳಿಗ್ಗೆ ಹೊರಡುತ್ತಾನೆ, ಸಂಜೆಗೆ ಈ ಕಾಗದ ನಿನ್ನ ಕೈ ಸೇರುತ್ತದೆ.

ಊರಿನ ಸುದ್ದಿ ಹೇಳದಿದ್ದರೆ ನೀನು ಬಿಡುವವಳಲ್ಲ. ಕೌಂಟಿಯ ಚುನಾವಣಾಧಿಕಾರಿಯಾಗಿ ನೀನು ಮತಗಳನ್ನೆಣಿಸಿ ಡೆನ್ನಿಸ್ ಪೋಗ್ ಸೋತಿದ್ದಾನೆಂದು ಹೇಳಿದ ದಿನದಿಂದ ಇಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ನಾನು ಅವನಿಗೇ ಮತ ಹಾಕಿದವಳು, ಅಪ್ಪನೂ ಅವನಿಗೇ, ನೀನೂ ಅವನಿಗೇ ಹಾಕಿರುತ್ತೀ; ನಮ್ಮ ಮನೆಯಲ್ಲಿ ಬೇರೆ ಪಕ್ಷಕ್ಕೆ ಹಾಕಿದವರು ಅಜ್ಜನ ಕಾಲದಿಂದಲೂ ಇಲ್ಲ. ನಮ್ಮ ಚರ್ಚಿನ ಸಭೆಯವನೇ, ಗರ್ಭದ ಕೂಸಿನ ಪರ ನಿಂತವನು, ಶಾಲೆಗೆ ಮತ್ತೆ ಪ್ರಾರ್ಥನೆ ತರುತ್ತೇನೆ ಎಂದವನು. ಅವನು ಸೋತದ್ದಕ್ಕೆ ನನಗೂ ಸಂಕಟವಾಯಿತು. ಆದರೆ ಪಾಸ್ಟರ್ ಟ್ರೆಂಟ್ ಚುನಾವಣೆಗೆ ಮುಂಚೆಯೇ, ಡೆನ್ನಿಸನ ಗೆಲುವನ್ನು ಕರ್ತನು ತನಗೆ ತೋರಿಸಿದ್ದಾನೆಂದು ವೇದಿಕೆಯ ಮೇಲೆ ನಿಂತು ಹೇಳಿಬಿಟ್ಟಿದ್ದರಲ್ಲ, ಈಗ ಅದು ಅವರ ಗಂಟಲಿಗೆ ಸಿಕ್ಕಿದ ಮುಳ್ಳು. ಹೋದ ಭಾನುವಾರ ಬೈಬಲ್ ಮುಚ್ಚಿಟ್ಟು, ದನಿ ತಗ್ಗಿಸಿ, “ದೇವ್ರಂತೂ ಸುಳ್ಳು ಹೇಳಲ್ಲ. ಹಾಗಾದ್ರೆ ಸುಳ್ಳು ಹೇಳಿದ್ದು ಯಾರು?” ಎಂದರು. ನಿನ್ನ ಹೆಸರನ್ನು ಯಾರೂ ಎತ್ತಲಿಲ್ಲ, ಎಲ್ಲರೂ ತಿರುಗಿ ನಮ್ಮ ಬೆಂಚಿನ ಕಡೆ ನೋಡಿದರು. ನಾನು ಹಾಡಿನ ಪುಸ್ತಕ ತೆರೆದು ಸುಮ್ಮನೆ ಹಾಳೆ ತಿರುವುತ್ತ ಕುಳಿತೆ.

ಸಂಜೆಯ ಪ್ರಾರ್ಥನಾ ಕೂಟದಲ್ಲಿ ದಿನವೂ ನಿನಗಾಗಿ ತಪ್ಪದೆ ಪ್ರಾರ್ಥಿಸುತ್ತಾರೆ. ಮೊದಮೊದಲು “ನಮ್ಮ ರೋಂಡಾಗೆ ಧೈರ್ಯ ಕೊಡು” ಅನ್ನುತ್ತಿದ್ದರು. ಆಮೇಲೆ “ಅವಳ ಕಣ್ಣು ತೆರೆಸು” ಎಂದಾಯಿತು. ಮಂಗಳವಾರದೊಳಗೆ ನೀನು ಸಹಿ ಹಾಕಿದರೆ ಎಣಿಕೆ ಖಾಯಂ, ಇಲ್ಲದಿದ್ದರೆ ಬಿದ್ದುಹೋಗುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ನಿನ್ನೆ ಮೋನಾ ಫೇ, ನಿನಗೆ ಭಾನುವಾರದ ಶಾಲೆಯಲ್ಲಿ ಹಾಡು ಕಲಿಸಿದ ಅದೇ ಮೋನಾ, ಎರಡೂ ಕೈಯೆತ್ತಿ, “ಅವಳು ಸಹಿ ಹಾಕೋಕ್ ಮುಂಚೆ ಅವಳ ಕೈ ತಡಿ ಕರ್ತನೇ, ಹೇಗಾದ್ರೂ ಸರಿ ತಡಿ” ಎಂದಳು. ಸಭೆಯೆಲ್ಲ ಒಂದೇ ಉಸಿರಿಗೆ ಆಮೆನ್ ಎಂದಿತು. ಮೋನಾಳ ಬಾಯಿ ಜೋರು, ಮನಸ್ಸು ಬೆಣ್ಣೆ ಎಂದು ಬರೆಯಲು ಹೇಳುತ್ತಿದ್ದಾರೆ ಅಪ್ಪ. ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಅವಳೇ ಇನ್ನಿಬ್ಬರು ಹೆಂಗಸರನ್ನು ಕಟ್ಟಿಕೊಂಡು ಮನೆಗೆ ಬಂದಳು. ಒಬ್ಬಳ ಕೈಯಲ್ಲಿ ಬೇಯಿಸಿದ ಕೋಳಿಯ ತಟ್ಟೆ, ಒಬ್ಬಳ ಕೈಯಲ್ಲಿ ಆಲೂಗಡ್ಡೆ, ಮೋನಾಳ ಕೈಯಲ್ಲಿ ಆ ಹಸಿರು ಜೆಲ್ಲಿ. ತಟ್ಟೆಗಳ ತಳಕ್ಕೆ ಹೆಸರಿನ ಚೀಟಿ ಅಂಟಿಸಿತ್ತು, ಸಾವಿನ ಮನೆಗೆ ತರುವಾಗ ಅಂಟಿಸುವ ಹಾಗೆಯೇ. ನಾನು ನಗುತ್ತಲೇ, “ನಮ್ಮನೇಲಿ ಯಾರೂ ಸತ್ತಿಲ್ವಲ್ಲೇ ಮೋನಾ” ಎಂದೆ. ಅವಳು ನನ್ನ ಕೆನ್ನೆ ಸವರಿ, “ಗೊತ್ತು ಕಣೇ ವೆಲ್ಡಾ. ಮುಂದೆ ನಿಂಗೆ ಶಕ್ತಿ ಬೇಕಾಗುತ್ತಲ್ಲ” ಎಂದಳು. ಅಪ್ಪ ಎರಡು ಸಲ ಬಡಿಸಿಕೊಂಡರು. ನಾನು ನನ್ನ ಪಾಲನ್ನು ಮುಚ್ಚಿಟ್ಟೆ, ರೋಂಡಾ. ಹುಟ್ಟಿದಾಗಿನಿಂದ ಬಲ್ಲ ಆ ಮುಖಗಳನ್ನು ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ವಯಸ್ಸಾಯಿತು, ಸುಮ್ಮಸುಮ್ಮನೆ ಹೆದರುತ್ತೀ ಎಂದು ಅಪ್ಪ ಗೇಲಿ ಮಾಡುತ್ತಾರೆ.

ಅಪ್ಪನಿಗೆ ನಿನ್ನ ಮೇಲೆ ಹೆಮ್ಮೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. “ಎಣಿಸಿದ್ದು ಸರಿಯಿದ್ರೆ ಸಹಿ ಹಾಕು, ಯಾರಪ್ಪಂಗೂ ಹೆದ್ರಬೇಡ” ಎಂದು ಬರೆಯಲು ಹೇಳಿದರು. ಚಿಕ್ಕಮ್ಮನಿಗೆ ನಮ್ಮಿಬ್ಬರ ನೆನಪು ತಿಳಿಸು. ನಿನ್ನನ್ನು ಹೆತ್ತ ದಿನ ನಿನ್ನ ಹಣೆಯ ಮೇಲೆ ಕೈಯಿಟ್ಟು ಬೇಡಿಕೊಂಡದ್ದನ್ನೇ ಇವತ್ತೂ ಬೇಡುತ್ತೇನೆ: ಕರ್ತನು ನಿನ್ನನ್ನು ತನ್ನ ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ವೆಲ್ಡಾ

ತಾ.ಕ.: ಅಪ್ಪ ಕಾಗದ ಓದಿ ಮುಗಿಸಿ ಕೋಳಿಗೂಡು ಮುಚ್ಚಲು ಹೋದರು. ಅವರು ಬರುವುದರೊಳಗೆ ಲಕೋಟೆ ಅಂಟಿಸಬೇಕು. ನಿನ್ನೆ ಕೂಟದಲ್ಲಿ ಅವರು ಎದ್ದು ನಿಂತು ನಿನ್ನ ಸುಖಪ್ರಯಾಣಕ್ಕೆ ಪ್ರಾರ್ಥನೆ ಕೇಳಿದರು, ನಮ್ಮಲ್ಲಿ ಯಾರು ಪ್ರಯಾಣ ಹೊರಟರೂ ಕೇಳುವ ಹಾಗೆ. ಸೋಮವಾರ, ಹಳೆಯ ಸೇತುವೆಯ ದಾರಿ, ಕತ್ತಲಾಗುವ ಹೊತ್ತು, ಒಬ್ಬಳೇ, ನೀನು ಲೈಲ್ ಕೈಯಲ್ಲಿ ಹೇಳಿ ಕಳಿಸಿದ್ದನ್ನೆಲ್ಲ ಹೇಳಿದರು. ನಾನು ಕೋಟು ಹಿಡಿದು ಜಗ್ಗಿದೆ, ಅವರಿಗೆ ತಿಳಿಯಲಿಲ್ಲ. ಡೆನ್ನಿಸನ ತಮ್ಮ ಹಿಂದಿನ ಬೆಂಚಿನಿಂದ, “ಯಾವ ಕಾರು, ಹರ್ಷೆಲಣ್ಣ? ಕಣ್ಮುಂದೆ ಬಂದ್ರೆ ಪ್ರಾರ್ಥನೆ ಚೆನ್ನಾಗ್ ಬರುತ್ತೆ” ಎಂದ. ಅಪ್ಪ ಬಣ್ಣವನ್ನೂ ನಂಬರನ್ನೂ ಹೇಳಿ, ಅವನಿಗೆ ಧನ್ಯವಾದವನ್ನೂ ಹೇಳಿ ಕುಳಿತರು. ಆ ಹೊತ್ತಿಗೆ ಬರಬೇಡ. ಸೋಮವಾರ ಬೆಳಿಗ್ಗೆಯೇ ಹೊರಡು, ಗ್ಲೆಂಡಾಳ ಕಾರಿನಲ್ಲಿ, ಹೆದ್ದಾರಿ ಹಿಡಿದು. ನೇರ ಕಚೇರಿಗೆ ಹೋಗಿ ಸಹಿ ಹಾಕಿ ಹಾಗೇ ತಿರುಗಿ ಹೋಗು. ಮನೆಗೆ ಬರಬೇಡ ಮಗಳೇ, ನನ್ನ ಮುಖ ನೋಡಲಿಕ್ಕೂ ಬರಬೇಡ. ಅಪ್ಪನಿಗೆ ನಾನು ಹೇಳುವುದಿಲ್ಲ, ನೀನೂ ಲೈಲ್ ಕೈಯಲ್ಲಿ ಹೇಳಿ ಕಳಿಸಬೇಡ. ಗೊತ್ತಾದರೆ ಮತ್ತೆ ಎದ್ದು ನಿಂತು ಪ್ರಾರ್ಥನೆ ಕೇಳುತ್ತಾರೆ.