ಕಂದು ಕಡ್ಡಿಗೆ ಬಿದ್ದ ಕತ್ತರಿ

ವಾಲ್‌ಸೆಕ್, ಪ್ರೊವಾನ್ಸ್
೧೪ ಅಕ್ಟೋಬರ್

ಒದೀಲ್, ನನ್ನ ತಂಗೀ,

ಮನೆ ಮುಂದಿನ ಹನ್ನೊಂದು ಲ್ಯಾವೆಂಡರ್ ಗಿಡಗಳನ್ನು ಪಕ್ಕದ ಮನೆಯ ಫಿರ್ಮಿನ್ ಹಾಳುಮಾಡಿದನೆಂದು ಹೋದ ವಾರ ಬರೆದಿದ್ದೆ. ಎಲೆಯಿರುವ ಹಸಿರು ಭಾಗ ಬಿಟ್ಟು ಕೆಳಗಿನ ಕಂದು ಕಡ್ಡಿಗೇ ಕತ್ತರಿ ಬಿದ್ದಿದೆ. ಅಲ್ಲಿಂದ ಲ್ಯಾವೆಂಡರ್ ಮತ್ತೆ ಚಿಗುರುವುದಿಲ್ಲವೆಂದು ಅಮ್ಮ ನಮಗೆ ಅಕ್ಷರಕ್ಕಿಂತ ಮೊದಲೇ ಕಲಿಸಿದ್ದಳು. ಮೇಯರ್ ಕಚೇರಿಗೆ ಮೂರು ಪುಟದ ದೂರು ಕೊಟ್ಟೆ. ೧೯೭೪ರಲ್ಲಿ ಅವನಪ್ಪ ಗಡಿಕಲ್ಲು ಸರಿಸಿದ್ದನ್ನೂ, ೧೯೮೩ರ ಬೇಸಿಗೆಯಲ್ಲಿ ಊರಿನ ನೀರನ್ನು ತನ್ನ ತೋಟಕ್ಕೆ ತಿರುಗಿಸಿಕೊಂಡಿದ್ದನ್ನೂ ತಾರೀಖು ಸಮೇತ ಬರೆದೆ. ಅನ್ಯಾಯ ಮರೆಯುವವರಿಂದಲೇ ಊರು ಕೆಡುತ್ತದೆ ಎಂಬ ಸಾಲನ್ನೂ ಸೇರಿಸಿದೆ.

ನಿನ್ನೆ ಫಿರ್ಮಿನ್ ಬೇಲಿಯ ಹತ್ತಿರ ಬಂದ. ನಾನು ಜಗಳಕ್ಕೆ ಸಿದ್ಧಳಾಗಿಯೇ ನಿಂತೆ.

"ಒನೊರಿನಕ್ಕ, ನನ್ನನ್ನ ಕಳ್ಳ ಅನ್ನಿ, ಕುಡುಕ ಅನ್ನಿ. ಕಂದು ಕಡ್ಡಿ ಕತ್ತರಿಸ್ದೋನು ಅಂತ ಮಾತ್ರ ಅನ್ಬೇಡಿ. ಸತ್ತ ನಮ್ಮಪ್ಪ ಎದ್ದು ಬಂದು ಒದೀತಾನೆ" ಎಂದ. ನಾನು ನಗಲಿಲ್ಲ. ಅವನು ದನಿ ತಗ್ಗಿಸಿದ. "ಎರಡು ವಾರದ ಹಿಂದೆ ನೀವೇ ಕತ್ತರಿಸ್ತಿದ್ರಿ. ಆಗಸ್ಟಲ್ಲೇ ಆಯ್ತಲ್ಲಕ್ಕ ಅಂದೆ. ಈ ವರ್ಷ ಇನ್ನೂ ಮುಟ್ಟೇ ಇಲ್ಲ ಅಂದ್ರಿ. ಮೇಯರ್ ಹತ್ರ ನಾನಿದನ್ನ ಹೇಳಲ್ಲ. ಬೈಸ್ಕೊಂಡು ಬರ್ತೀನಿ."

ಸುಳ್ಳು ಎಂದು ಕೂಗಿ ಒಳಗೆ ಬಂದೆ. ಆಮೇಲೆ ಹಿತ್ತಲಿನ ಕೊಟ್ಟಿಗೆಯ ಬಾಗಿಲು ತೆಗೆದೆ. ಆಗಸ್ಟ್‌ನ ಹೂಗೊಂಚಲುಗಳು ತೊಲೆಯಲ್ಲಿ ತೂಗುತ್ತಿದ್ದವು. ಕೆಳಗೆ ಗೋಣಿಚೀಲದಲ್ಲಿ ಹೂವಿಲ್ಲದ ಕಡ್ಡಿಗಳ ಕಟ್ಟುಗಳು. ದಾರದ ಗಂಟು ನಾನು ಹಾಕುವಂಥದ್ದೇ.

ಕಡ್ಡಿ ಕತ್ತರಿಸಿದ ಆ ದಿನಕ್ಕಾಗಿ ನೆನಪಿನಲ್ಲಿ ಎಷ್ಟು ಹುಡುಕಿದೆ, ಒದೀಲ್. ೧೯೭೪ ಸಿಗುತ್ತದೆ, ಗಡಿಕಲ್ಲಿನ ಪಾಚಿಯ ಬಣ್ಣ ಸಮೇತ. ಆ ದಿನ ಸಿಗುವುದಿಲ್ಲ. ರಾತ್ರಿಯೂಟದ ಸೂಪಿಗೆ ಉಪ್ಪು ಹಾಕಲೂ ಕೈ ಹೆದರಿತು, ಆಗಲೇ ಹಾಕಿದ್ದೆನೇನೋ ಎಂದು.

ಗುರುವಾರ ಮೇಯರ್ ನಮ್ಮಿಬ್ಬರನ್ನೂ ಕರೆಸಿದ್ದಾರೆ. ನಾನು ನಿಜ ಹೇಳಿದರೆ ಸಂಜೆಯೊಳಗೆ ಮಗಳು ಕ್ಲಾರಿಸ್‌ಗೆ ತಿಳಿಯುತ್ತದೆ. ಕಚೇರಿಯ ಗುಮಾಸ್ತೆ ಅವಳ ಗೆಳತಿ. ಕಾರ್ಪಂತ್ರಾದ ವೃದ್ಧಾಶ್ರಮದಲ್ಲಿ ಕ್ಲಾರಿಸ್ ಆಗಲೇ ನನಗೊಂದು ಕೋಣೆ ನೋಡಿ ಬಂದಿದ್ದಾಳೆ. ಆದರೂ ಹೇಳುತ್ತೇನೆ, ಅಲ್ಲಿಯವರೆಗೆ ಇದು ನೆನಪಿದ್ದರೆ. ಗುರುವಾರ ಬೆಳಿಗ್ಗೆ ಬರಿಯ ಸಿಟ್ಟು ಹೊತ್ತುಕೊಂಡು ಎದ್ದುಬಿಡುತ್ತೇನೇನೋ ಎಂಬುದೇ ಭಯ.

ನಿನ್ನ ಅಕ್ಕ,
ಒನೊರಿನ್

ತಾ.ಕ.: ಫಿರ್ಮಿನ್ ನನ್ನ ಗಿಡ ಕತ್ತರಿಸಿದನೆಂದು ಮತ್ತೆ ನಿನಗೆ ಬರೆದರೆ ಸಮಾಧಾನ ಹೇಳಬೇಡ. ಈ ಪತ್ರವನ್ನೇ ನನಗೆ ವಾಪಸು ಕಳಿಸು.